ಗೋಡೆಯೊಳಗಣ ತಂತಿ: ಸಣ್ಣ ಕಚೇರಿಯ ಗಣಕಜಾಲಕ್ಕೆ ಚರಿತ್ರೆಯ ಒಂದು ಪಾಠ

ಹತ್ತು ಹನ್ನೆರಡು ಮಂದಿ ಕೆಲಸಮಾಡುವ ಕಚೇರಿಯೊಂದರಲ್ಲಿ ಗಣಕಯಂತ್ರಗಳನ್ನು ಒಂದಕ್ಕೊಂದು ಕೂಡಿಸಬೇಕಾದಾಗ ಮುಖ್ಯವಾಗಿ ಎರಡು ವಸ್ತುಗಳನ್ನು ಆರಿಸಬೇಕಾಗುತ್ತದೆ. ಒಂದು, ಗೋಡೆಯೊಳಗೆ ಹಾಯುವ ಕೇಬಲ್ಲು. ಇನ್ನೊಂದು, ಆ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚು. ಸಾಮಾನ್ಯವಾಗಿ ಚರ್ಚೆಯೆಲ್ಲ ಸ್ವಿಚ್ಚಿನ ವೇಗ, ಬೆಲೆಗಳನ್ನು ಕುರಿತು ನಡೆದು, ಕೇಬಲ್ಲಿನ ವಿಷಯವನ್ನು ಗುತ್ತಿಗೆದಾರನ ಇಚ್ಛೆಗೆ ಬಿಡಲಾಗುತ್ತದೆ. ನಾವು ಬಲ್ಲ ಒಂದು ಕಚೇರಿಯಲ್ಲಿ ಹೀಗೆಯೇ ಉತ್ತಮವಾದ ಸ್ವಿಚ್ಚನ್ನು ಕೊಂಡು, ಅಗ್ಗದ ಕೇಬಲ್ಲನ್ನು ಗೋಡೆಯಲ್ಲಿ ಹುದುಗಿಸಿದುದರ ಫಲವಾಗಿ ಎರಡೇ ವರ್ಷಗಳಲ್ಲಿ ಗೋಡೆಯನ್ನು ಮತ್ತೆ ಅಗೆಯಬೇಕಾಯಿತು. ಸ್ವಿಚ್ಚಿಗೆ ಮಾತ್ರ ಏನೂ ಆಗಿರಲಿಲ್ಲ. ಈ ಆಯ್ಕೆಯ ಕ್ರಮವೇ ತಲೆಕೆಳಗಾದುದೆಂಬುದು ಗಣಕಜಾಲದ ಅರ್ಧ ಶತಮಾನದ ಚರಿತ್ರೆಯಿಂದ ವಿದಿತವಾಗುತ್ತದೆ. ಅದನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೧೯೭೩ರ ಮೇ ೨೨ರಂದು, ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಬರೆದ ಟಿಪ್ಪಣಿಯೊಂದರಲ್ಲಿ ಈಥರ್ನೆಟ್ಟಿನ ಕಲ್ಪನೆ ರೂಪುಗೊಂಡಿತು. ಬೆಳಕನ್ನು ಹೊರುವ ಸರ್ವವ್ಯಾಪಿಯಾದ ಮಾಧ್ಯಮವೊಂದುಂಟೆಂದು ಹಿಂದಿನ ಭೌತವಿಜ್ಞಾನಿಗಳು ಭಾವಿಸಿ, ಅದನ್ನು ಈಥರ್ ಎಂದು ಕರೆದಿದ್ದರು. ಎಲ್ಲ ಯಂತ್ರಗಳಿಗೂ ಸಮಾನವಾದ ಒಂದೇ ಕೇಬಲ್ಲಿಗೆ ಆ ಹೆಸರು ಒಪ್ಪಿತು. ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕಟ್ಟಿದ ಈ ಮೊದಲ ಜಾಲದ ವೇಗ ಸೆಕೆಂಡಿಗೆ ೨.೯೪ ಮೆಗಾಬಿಟ್. ೧೯೮೦ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸಂಸ್ಥೆಗಳು ಕೂಡಿ ೧೦ ಮೆಗಾಬಿಟ್ ವೇಗದ ನಿಯಮಗಳನ್ನು ಪ್ರಕಟಿಸಿದುವು. ಆಗಿನ ದಪ್ಪ ಕೇಬಲ್ಲಿನ ಒಂದು ಖಂಡದ ಮಿತಿ ೫೦೦ ಮೀಟರ್. ಅನಂತರ ಬಂದ ತೆಳುವಾದ ಕೇಬಲ್ಲಿನದು ೧೮೫ ಮೀಟರ್. ಯಂತ್ರಗಳೆಲ್ಲ ಒಂದೇ ಸಾಲಿಗೆ ತಗಲಿಕೊಂಡಿದ್ದುದರಿಂದ ಎಲ್ಲಿಯಾದರೂ ಒಂದೆಡೆ ತಂತಿ ಕಡಿದರೆ ಆ ಸಾಲಿನ ಯಂತ್ರಗಳೆಲ್ಲವೂ ಮೂಕವಾಗುತ್ತಿದ್ದುವು. ತಪ್ಪೆಲ್ಲಿದೆಯೆಂದು ಹುಡುಕುವುದೂ ಕಷ್ಟವಾಗಿತ್ತು.

ಈ ದೋಷಕ್ಕೆ ಪರಿಹಾರ ದೊರೆತುದು ಹಳೆಯದೊಂದು ವಸ್ತುವಿನಿಂದ. ಎರಡು ತಂತಿಗಳನ್ನು ಪರಸ್ಪರ ಹೆಣೆದರೆ ಹೊರಗಿನ ವಿದ್ಯುತ್ತಿನ ಬಾಧೆ ತಗ್ಗುವುದೆಂಬ ತತ್ತ್ವಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ೧೮೮೧ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ದೂರವಾಣಿಯ ಈ ಹೆಣೆದ ಜೋಡಿ ತಂತಿಯ ಮೇಲೆ ೧೦ ಮೆಗಾಬಿಟ್ ಈಥರ್ನೆಟ್ಟನ್ನು ನಡೆಸುವ ನಿಯಮ ೧೯೯೦ರಲ್ಲಿ ಅಂಗೀಕೃತವಾಯಿತು. ಪ್ರತಿಯೊಂದು ಮೇಜಿನಿಂದಲೂ ಪ್ರತ್ಯೇಕವಾದ ತಂತಿ, ೧೦೦ ಮೀಟರಿನ ಮಿತಿಯಲ್ಲಿ, ಒಂದು ಕೇಂದ್ರಕ್ಕೆ ಬಂದು ಸೇರತೊಡಗಿತು. ಒಂದು ತಂತಿ ಕೆಟ್ಟರೆ ಕೆಡುತ್ತಿದ್ದುದು ಒಂದೇ ಮೇಜು.

ಆ ಕೇಂದ್ರದಲ್ಲಿ ಮೊದಲು ಇದ್ದುದು ಹಬ್ ಎಂಬ ಸರಳ ಸಾಧನ. ಒಬ್ಬರ ಮಾತನ್ನು ಎಲ್ಲರಿಗೂ ಸಾರುವುದಷ್ಟೆ ಅದರ ಕೆಲಸ. ಸ್ವಿಚ್ಚಾದರೋ ಯಾವ ಯಂತ್ರ ಯಾವ ಪೋರ್ಟಿನಲ್ಲಿದೆಯೆಂಬುದನ್ನು ಅರಿತು, ಸಂದೇಶವನ್ನು ಸಲ್ಲಬೇಕಾದಲ್ಲಿಗೆ ಮಾತ್ರ ಕಳುಹಿಸುತ್ತದೆ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅಮೆರಿಕದಲ್ಲಿ ಲ್ಯಾರಿ ಬ್ಲೇರ್ ಅವರೊಡನೆ ಸ್ಥಾಪಿಸಿದ ‘ಕಲ್ಪನಾ’ ಎಂಬ ಸಂಸ್ಥೆ ೧೯೯೦ರಲ್ಲಿ ಏಳು ಪೋರ್ಟುಗಳ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ೧೯೯೪ರಲ್ಲಿ ಅದನ್ನು ಸಿಸ್ಕೊ ಸಂಸ್ಥೆ ಕೊಂಡುಕೊಂಡಿತು. ಹಬ್ಬಿನ ಸ್ಥಾನದಲ್ಲಿ ಸ್ವಿಚ್ಚು ಬಂದಾಗ ಗೋಡೆಯ ತಂತಿಯನ್ನು ಯಾರೂ ಕೀಳಬೇಕಾಗಲಿಲ್ಲವೆಂಬುದು ಇಲ್ಲಿ ಗಮನಾರ್ಹವಾದ ಸಂಗತಿ.

ಮುಂದಿನ ಘಟನೆಗಳು ಇದನ್ನೇ ಸಮರ್ಥಿಸುತ್ತವೆ. ಕ್ಯಾಟ್ ೫ ಎಂದು ವಾಡಿಕೆಯಲ್ಲಿ ಕರೆಯುವ ಐದನೆಯ ವರ್ಗದ ಕೇಬಲ್ಲಿನ ಎರಡು ಜೋಡಿಗಳ ಮೇಲೆ ೧೯೯೫ರಲ್ಲಿ ೧೦೦ ಮೆಗಾಬಿಟ್ಟಿನ ನಿಯಮ ಬಂದಿತು. ೧೯೯೯ರಲ್ಲಿ ಅದೇ ಕೇಬಲ್ಲಿನ ನಾಲ್ಕು ಜೋಡಿಗಳೂ ಸೇರಿ ಗಿಗಾಬಿಟ್ಟನ್ನು ಹೊತ್ತುವು. ೨೦೧೬ರ ನಿಯಮವಂತೂ ಆಗಲೇ ಗೋಡೆಗಳಲ್ಲಿದ್ದ ಕ್ಯಾಟ್ ೫ಇ, ಕ್ಯಾಟ್ ೬ ಕೇಬಲ್ಲುಗಳನ್ನು ಉದ್ದೇಶಿಸಿಯೇ ೨.೫ ಮತ್ತು ೫ ಗಿಗಾಬಿಟ್ ವೇಗಗಳನ್ನು ಗೊತ್ತುಮಾಡಿತು. ತಂತಿ ಸ್ವಿಚ್ಚಿಗೆ ಹೊಂದಿಕೊಳ್ಳಲಿಲ್ಲ. ಸ್ವಿಚ್ಚೇ ತಂತಿಗೆ ಹೊಂದಿಕೊಂಡಿತು.

ಇದಕ್ಕೊಂದು ಆಕ್ಷೇಪವನ್ನು ಎತ್ತಬಹುದು. ದಪ್ಪ, ತೆಳು ಕೇಬಲ್ಲುಗಳೆರಡೂ ಮೂಲೆಗುಂಪಾದುವಲ್ಲ? ನಿಜ. ಆದರೆ ಅವುಗಳೊಡನೆ ಅಳಿದುದು ಎಲ್ಲರೂ ಒಂದೇ ಸಾಲಿಗೆ ತಗಲಿಕೊಳ್ಳುವ ಏರ್ಪಾಡು. ಮೇಜಿಗೊಂದು ತಂತಿಯೆಂಬ ಏರ್ಪಾಡು ಮೂರು ದಶಕಗಳನ್ನು ದಾಟಿಯೂ ಉಳಿದಿದೆ. ೨೦೦೬ರ ೧೦ ಗಿಗಾಬಿಟ್ ನಿಯಮಕ್ಕೆ ಮಾತ್ರ ಹಳೆಯ ತಂತಿ ಸಾಲದಾಯಿತು: ಕ್ಯಾಟ್ ೬ ಅದನ್ನು ಸುಮಾರು ೫೫ ಮೀಟರುಗಳವರೆಗೆ ಒಯ್ಯಬಲ್ಲುದು, ೧೦೦ ಮೀಟರಿಗೆ ಕ್ಯಾಟ್ ೬ಎ ಬೇಕು.

ಹೀಗಿರಲು ಸಣ್ಣ ಕಚೇರಿಗೆ ಉಚಿತವಾದ ಕ್ರಮ ಯಾವುದು? ಹಣವನ್ನು ಮೊದಲು ಕೇಬಲ್ಲಿಗೆ ವಿನಿಯೋಗಿಸತಕ್ಕದ್ದು. ಶುದ್ಧ ತಾಮ್ರದ ಕ್ಯಾಟ್ ೬ ಬಹುಮಟ್ಟಿಗೆ ಸಾಕು. ಹೊಸ ಕಟ್ಟಡವಾದರೆ ಕ್ಯಾಟ್ ೬ಎ ಮೇಲು. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಮ್ ತಂತಿ ಅಗ್ಗವಾದರೂ ನಿಯಮಕ್ಕೆ ಹೊರತಾದುದು. ಮೇಲೆ ಹೇಳಿದ ಗೋಡೆಯಲ್ಲಿದ್ದುದು ಅದೇ. ಮೇಜೊಂದಕ್ಕೆ ಎರಡು ತಂತಿಗಳನ್ನು ಕೊಳವೆಯೊಳಗೆ, ವಿದ್ಯುತ್ತಿನ ತಂತಿಗಳಿಂದ ದೂರವಾಗಿ ಒಯ್ದು, ಗೋಡೆಯಲ್ಲಿ ೯೦ ಮೀಟರನ್ನು ಮೀರದಂತೆ ನೋಡಿಕೊಳ್ಳಬೇಕು. ಉಳಿದ ೧೦ ಮೀಟರು ಎರಡು ತುದಿಗಳ ಜೋಡಣೆಗೆ. ಎರಡು ಕಟ್ಟಡಗಳ ನಡುವೆ ಸಿಡಿಲಿನ ಭಯವಿರುವುದರಿಂದ ತಾಮ್ರಕ್ಕೆ ಬದಲಾಗಿ ಗಾಜಿನೆಳೆಯ ಫೈಬರ್ ಕೇಬಲ್ಲು ಯುಕ್ತ.

ಸ್ವಿಚ್ಚಿನ ವಿಷಯದಲ್ಲಿ ಮಿತವ್ಯಯ ತಪ್ಪಲ್ಲ. ಈಗ ಬಳಸುವ ತಂತಿಗಳನ್ನು ಎಣಿಸಿ, ಕೆಲವು ಪೋರ್ಟುಗಳನ್ನು ಹೆಚ್ಚಿಗೆ ಸೇರಿಸಿ ಗಿಗಾಬಿಟ್ ಸ್ವಿಚ್ಚನ್ನು ಕೊಂಡರೆ ಸಾಮಾನ್ಯ ಕಚೇರಿಗೆ ಸಾಕು. ದೂರವಾಣಿ, ಕ್ಯಾಮರಾ, ವೈಫೈ ಸಾಧನಗಳಿಗೆ ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳುಹಿಸಬೇಕಾದರೆ ಪೋರ್ಟಿಗೆ ೧೫.೪ ವಾಟ್ ಕೊಡುವ ೨೦೦೩ರ ನಿಯಮವೋ, ೩೦ ವಾಟ್ ಕೊಡುವ ೨೦೦೯ರ ನಿಯಮವೋ ಎಂಬುದನ್ನೂ, ಸ್ವಿಚ್ಚಿನ ಒಟ್ಟು ಶಕ್ತಿಯನ್ನೂ ವಿಚಾರಿಸಬೇಕು. ಲೆಕ್ಕಪತ್ರದ ಯಂತ್ರಗಳನ್ನು ಸಂದರ್ಶಕರ ಯಂತ್ರಗಳಿಂದ ಬೇರ್ಪಡಿಸಬೇಕಾಗಿದ್ದರೆ ಮಾತ್ರ, ನಾವೇ ನಿಯಂತ್ರಿಸಬಹುದಾದ ಮ್ಯಾನೇಜ್ಡ್ ಸ್ವಿಚ್ಚಿಗೆ ಹೆಚ್ಚು ಬೆಲೆ ಕೊಡುವುದು ಸಾರ್ಥಕ.

ಕೊನೆಯದಾಗಿ ಒಂದು ಮಾತು. ಯಾವ ತಂತಿ ಯಾವ ಕೋಣೆಗೆ ಹೋಗುತ್ತದೆಂಬುದನ್ನು ಎರಡು ತುದಿಗಳಲ್ಲಿಯೂ ಗುರುತಿಸಿ, ನಕ್ಷೆಯೊಂದನ್ನು ದಿನಾಂಕದೊಡನೆ ಕಡತದಲ್ಲಿರಿಸಬೇಕು. ಕಾಲನಿರ್ದೇಶವಿಲ್ಲದ ಶಾಸನವನ್ನು ಓದಲು ಹೆಣಗುವ ಶ್ರಮ ಎಂತಹುದೆಂಬುದು ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ತಿಳಿದೇ ಇದೆ. ಸ್ವಿಚ್ಚು ಬದಲಾಗುತ್ತದೆ, ಯಂತ್ರಗಳೂ ಬದಲಾಗುತ್ತವೆ, ಕೆಲಸಗಾರರೂ ವರ್ಗವಾಗಿ ಹೋಗುತ್ತಾರೆ. ಗೋಡೆಯೊಳಗಣ ತಂತಿ ಮಾತ್ರ, ನಮ್ಮ ವಿವೇಕಕ್ಕೋ ಅವಿವೇಕಕ್ಕೋ ಸಾಕ್ಷಿಯಾಗಿ, ಮುಂದೆ ಬರುವವರಿಗೆ ಉಳಿಯುತ್ತದೆ.