ಅಂತರಿಕ್ಷದಲ್ಲಿ ಅಯಾನು ಎಂಜಿನ್

ಗುಂಡ್ಲುಪೇಟೆ ಬಳಿಯ ಮದ್ದೂರಿನಲ್ಲಿ ಕಾಣುವ ದೂರದರ್ಶನದ ಚಿತ್ರ ಭೂಸ್ಥಿರ ಉಪಗ್ರಹದ ಮೂಲಕ ಬರುತ್ತದೆ. ಉಪಗ್ರಹವು ತನ್ನ ಸ್ಥಾನದಿಂದ ಜರುಗದಿರಲು ಅದಕ್ಕೆ ಆಗಾಗ ಸಣ್ಣ ನೂಕುಬಲ ಬೇಕು. ಇಂಧನ ತೀರಿದರೆ ಅದರ ಆಯುಷ್ಯವೂ ತೀರಿದಂತೆ.

ಅಯಾನು ಎಂಜಿನ್ನಿಗೆ ಇಂಧನ ಬಹಳ ಕಡಿಮೆ ಸಾಕು. ಅದು ಪರಮಾಣುಗಳಿಗೆ ವಿದ್ಯುದಾವೇಶ ನೀಡಿ, ಜಾಲರಿಗಳ ಮೂಲಕ ಅತಿವೇಗವಾಗಿ ಹೊರಚಿಮ್ಮಿಸುತ್ತದೆ. ಆದರೆ ಬಲ ಅತ್ಯಲ್ಪವಾದ್ದರಿಂದ ತಿಂಗಳುಗಟ್ಟಲೆ ದುಡಿಯಬೇಕು. ದುಡಿದೀತೆ?

ಇದನ್ನರಿಯಲು ಅಮೆರಿಕದ ನಾಸಾ ಸಂಸ್ಥೆ 1970ರ ಫೆಬ್ರುವರಿಯಲ್ಲಿ ‘ಸರ್ಟ್-2’ ನೌಕೆಯನ್ನು ಹಾರಿಸಿತು. ಪಾದರಸ ಬಳಸುವ ಅದರ ಎರಡು ಎಂಜಿನ್‌ಗಳಲ್ಲಿ ಪ್ರತಿಯೊಂದರ ನೂಕುಬಲ ಸುಮಾರು 3 ಗ್ರಾಂ ತೂಕದಷ್ಟು. ಗುರಿ ಆರು ತಿಂಗಳು. ಒಂದು ಸುಮಾರು ಐದು ತಿಂಗಳು, ಇನ್ನೊಂದು ಮೂರು ತಿಂಗಳು ನಡೆದು ನಿಂತವು. ಅಯಾನುಗಳ ಬಡಿತಕ್ಕೆ ಸವೆದ ಜಾಲರಿಯ ಲೋಹದ ಚೂರು ಎರಡು ಜಾಲರಿಗಳ ನಡುವೆ ಸಿಕ್ಕಿ ವಿದ್ಯುತ್ ಶಾರ್ಟ್ ಆಗಿತ್ತು. 1974ರಲ್ಲಿ ಒಂದರ ಅಡಚಣೆ ಕಳೆದು, ಅದು ಮತ್ತೆ ನಡೆಯಿತು. ಪ್ರಯೋಗಗಳು 1981ರವರೆಗೂ ಸಾಗಿದವು.

ನಮ್ಮ ದೇಶದ ಮೊದಲ ಯತ್ನಕ್ಕೂ ವಿಘ್ನ ಬಂತು. ಪ್ಲಾಸ್ಮಾ ನೋದಕಗಳನ್ನು ಹೊತ್ತ ಜಿಸ್ಯಾಟ್-4, 2010ರ ಏಪ್ರಿಲ್ 15ರಂದು ರಾಕೆಟ್ ವಿಫಲವಾಗಿ ನಷ್ಟವಾಯಿತು. 2017ರ ಮೇ 5ರಂದು ಏರಿದ ಜಿಸ್ಯಾಟ್-9ರಲ್ಲಿ ಕ್ಸೆನಾನ್ ಅನಿಲದ ವಿದ್ಯುತ್ ನೋದಕಗಳಿದ್ದವು. ಉಡಾವಣೆಯ ನಂತರ ಅದರ ಹೊಣೆ ಹೊತ್ತದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ.