ದೀರ್ಘಕಾಲದ ಕಾಯಿಲೆಗಳ ಔಷಧ ವೆಚ್ಚಕ್ಕೆ ನೆರವು

ಉಚಿತ ಔಷಧ: ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಹಾಗೂ ಮಧುಮೇಹದ ತಪಾಸಣೆ ನಡೆಸಿ, ಅಗತ್ಯವುಳ್ಳವರಿಗೆ ಔಷಧಗಳನ್ನು ಉಚಿತವಾಗಿ ವಿತರಿಸಲಾಗುತ್ತದೆ.

ಜನೌಷಧಿ ಕೇಂದ್ರ: 2008ರಲ್ಲಿ ಪ್ರಾರಂಭವಾದ ಈ ಯೋಜನೆಯಡಿ ಜನರಿಕ್ ಔಷಧಗಳು ಬ್ರ್ಯಾಂಡ್ ಔಷಧಗಳಿಗಿಂತ ಸಾಮಾನ್ಯವಾಗಿ ಶೇ. 50ರಿಂದ 80ರಷ್ಟು ಕಡಿಮೆ ದರದಲ್ಲಿ ದೊರೆಯುತ್ತವೆ. ಆದಾಯ ಪ್ರಮಾಣಪತ್ರ ಅಥವಾ ಪಡಿತರ ಚೀಟಿಯ ಅಗತ್ಯವಿರುವುದಿಲ್ಲ. ವೈದ್ಯರ ಔಷಧ ಚೀಟಿಯನ್ನು ತರತಕ್ಕದ್ದು. ಅದರಲ್ಲಿ ಔಷಧದ ಜನರಿಕ್ ಹೆಸರನ್ನು ನಮೂದಿಸುವಂತೆ ವೈದ್ಯರನ್ನು ಕೋರಬಹುದು.

ಗಮನಿಸಿ: 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಆಸ್ಪತ್ರೆಯ ಚಿಕಿತ್ಸೆಗೆ ಸಂಬಂಧಿಸಿದ್ದು, ಮನೆಯಲ್ಲಿ ನಿತ್ಯ ಸೇವಿಸುವ ಔಷಧಗಳ ವೆಚ್ಚವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ.

ಎಚ್ಚರಿಕೆ: ಹಣದ ಅಡಚಣೆಯಿಂದ ಔಷಧ ನಿಲ್ಲಿಸಿದಲ್ಲಿ ಪಾರ್ಶ್ವವಾಯು, ಹೃದಯಾಘಾತ ಹಾಗೂ ಮೂತ್ರಪಿಂಡ ವೈಫಲ್ಯದ ಅಪಾಯ ಹೆಚ್ಚುತ್ತದೆ. ಆದುದರಿಂದ ಮಾತ್ರೆಗಳು ಮುಗಿಯುವ ಮುನ್ನವೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸತಕ್ಕದ್ದು.