ಏಳು ಬಟ್ಟಲಿನ ಡಬ್ಬಿ ಮತ್ತು ಒಂದು ಖೋಲಿಯ ಸಂಸಾರ

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆಲ್ಲ ಗೊತ್ತು, ಇಲ್ಲಿಯ ಅಡುಗೆಮನೆಗೆ ಇಬ್ಬರು ಹೊಕ್ಕರೆ ಒಬ್ಬರು ಹೊರಗೆ ಬರಬೇಕು. ಆದರೆ ಎಣ್ಣೆ ಕಾದ ಮೇಲೆ ಸಾಸಿವೆ ಹುಡುಕುತ್ತ ಕೂರುವ ಹಾಗಿಲ್ಲ. ಅದಕ್ಕೇ ನಮ್ಮೆಲ್ಲರ ಮನೆಯಲ್ಲೂ ಸ್ಟೀಲಿನ ಒಂದು ದುಂಡು ಡಬ್ಬಿ ಇದೆ, ಒಳಗೆ ಏಳು ಬಟ್ಟಲು. ದಿನಾ ನಾಲ್ಕು ಸಲ ಮುಚ್ಚಳ ತೆಗೆಯುತ್ತೇವೆ. ಅದಕ್ಕೂ ಒಂದು ಇತಿಹಾಸ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಮೊದಲು ಅದು ಮರದ್ದಾಗಿತ್ತು. ನಮ್ಮಲ್ಲಿ ಸಾಂಬಾರ ಬಟ್ಟಲು ಅನ್ನುತ್ತಿದ್ದರು. ಮರದ ತುಂಡಿನಲ್ಲಿ ಕೊರೆದ ನಾಲ್ಕೈದು ಗುಂಡಿಗಳು, ಮೇಲೊಂದು ಮುಚ್ಚಳ. ತಮಿಳರ ಅಂಜರೈಪೆಟ್ಟಿ ಅಂದರೂ ಐದು ಅರೆಗಳ ಪೆಟ್ಟಿಗೆ ಅಂತಲೇ ಅರ್ಥ. ನನ್ನ ಮರಾಠಿ ನೆರೆಯವರು ಇದನ್ನು ಮಿಸಳಣಾಚಾ ಡಬಾ ಅನ್ನುತ್ತಾರೆ, ಗುಜರಾತಿಗಳು ಮಸಾಲಿಯುಂ. ಮರ ಯಾಕೆ? ಹಿತ್ತಾಳೆಗೆ ಉಪ್ಪು, ಹುಳಿ ಆಗಿಬರುವುದಿಲ್ಲ, ಕಿಲುಬು ಹಿಡಿಯುತ್ತದೆ. ಕಲಾಯಿ ಹಾಕಿಸಿದರೂ ಅದು ಎಷ್ಟು ದಿನ? ಹಾಗಾಗಿ ಉಪ್ಪು ಮರಿಗೆಯಲ್ಲಿ, ಉಪ್ಪಿನಕಾಯಿ ಭರಣಿಯಲ್ಲಿ, ಸಾಂಬಾರ ಸಾಮಾನು ಮರದ ಬಟ್ಟಲಿನಲ್ಲಿ.

ಆ ಗುಂಡಿಗಳಲ್ಲಿ ಏನೇನಿತ್ತು ಅನ್ನುವುದೂ ಬದಲಾಗುತ್ತ ಬಂದಿದೆ. ಐನೂರು ವರ್ಷಗಳ ಹಿಂದೆ ಖಾರ ಅಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದೂ ಇಂಥ ಸಾಂಬಾರ ಸಾಮಾನು ಹುಡುಕಿಕೊಂಡೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಅಮೆರಿಕ ಖಂಡದ ಮೆಣಸಿನಕಾಯಿ ಈ ಕರಾವಳಿಗೆ ಬಂದದ್ದು 16ನೇ ಶತಮಾನದಲ್ಲಿ, ಅದೇ ಪೋರ್ಚುಗೀಸರ ಹಡಗುಗಳಲ್ಲಿ. ಬಂದ ನೆಂಟ ಮನೆಯ ಯಜಮಾನನ ಹೆಸರನ್ನೇ ಇಟ್ಟುಕೊಂಡ! ಬರೀ 'ಮೆಣಸು' ಆಗಿದ್ದದ್ದು ಕಾಳುಮೆಣಸು, ಕರಿಮೆಣಸು ಆಗಬೇಕಾಯಿತು. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಈಗಲೂ ಮೆಣಸು ಅಂದರೆ ಕೆಂಪು ಮೆಣಸು, ಹಳೆಯದಕ್ಕೆ ಒಳ್ಳೆಮೆಣಸು ಅಂತ ಹೆಸರು.

ಇನ್ನು ಈ ಊರಿಗೆ ಬರೋಣ. 1920ರ ದಶಕದಲ್ಲಿ ಸರಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರಳಿ, ನಾಯಗಾಂವ್, ಶಿವಡಿ, ಡಿಲೈಲ್ ರೋಡುಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಒಂದೊಂದು ಖೋಲಿ ಸುಮಾರು 160 ಚದರ ಅಡಿ. ಊಟ, ನಿದ್ದೆ, ಬಾಣಂತನ ಎಲ್ಲ ಅದರಲ್ಲೇ. ನನ್ನ ಅತ್ತೆ 1960ರ ದಶಕದಲ್ಲಿ ಮದುವೆಯಾಗಿ ಬಂದದ್ದು ಪರೇಲಿನ ಅಂಥದೇ ಒಂದು ಖೋಲಿಗೆ. "ಒಂದು ಕೈ ಚಾಚಿದರೆ ಹಾಸಿಗೆ, ಇನ್ನೊಂದು ಚಾಚಿದರೆ ಸ್ಟವ್ವು" ಅನ್ನುತ್ತಿದ್ದರು. ನೆಲದ ಮೇಲೆ ಸೀಮೆಎಣ್ಣೆ ಸ್ಟವ್ವು, ಪಕ್ಕದಲ್ಲಿ ಡಬ್ಬಿ, ಕುಳಿತಲ್ಲಿಂದ ಏಳದೆ ಅಡುಗೆ. ಊರಿನಿಂದ ತಂದ ಮರದ ಬಟ್ಟಲು ಮುಂಬಯಿಯ ಮಳೆಗಾಲದಲ್ಲಿ ಬೂಸಲು ಹಿಡಿದು ಹಾಳಾಯಿತಂತೆ.

ಆ ಜಾಗಕ್ಕೆ ಬಂದದ್ದು ಸ್ಟೀಲು. ಆಗ ಅದು ದುಬಾರಿ. ಹಳೆ ಸೀರೆ, ಪ್ಯಾಂಟು ತೆಗೆದುಕೊಂಡು ಪಾತ್ರೆ ಕೊಡುವ ಹೆಂಗಸರು ಚಾಳಿನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅತ್ತೆ ಎರಡು ಜರಿ ಸೀರೆ ಕೊಟ್ಟು ಡಬ್ಬಿ ತೆಗೆದುಕೊಂಡರು. ಕಲಾಯಿ ಬೇಡ, ಕಿಲುಬಿಲ್ಲ, ಬೂಸಲಿಲ್ಲ. ದುಂಡಗಿನ ಆಕಾರದಲ್ಲೂ ಲೆಕ್ಕ ಇದೆ ನೋಡಿ. ಒಂದೇ ಅಳತೆಯ ಬಟ್ಟಲುಗಳಾದರೆ ನಡುವಿನ ಒಂದರ ಸುತ್ತ ಸರಿಯಾಗಿ ಆರು ಕೂರುತ್ತವೆ, ಐದಾದರೆ ಸಂದು ಉಳಿಯುತ್ತದೆ, ಏಳನೆಯದು ಹಿಡಿಸುವುದಿಲ್ಲ.

ಕಷ್ಟ ಇರುವುದೂ ಅಲ್ಲೇ. ಇರುವುದು ಏಳೇ ಸ್ಥಾನ, ಯಾರಿಗೆ ಕೊಡುವುದು? ಇಂಗು ಮೊದಲಿಂದಲೂ ಹೊರಗೆ, ಅದರ ವಾಸನೆ ಎಲ್ಲದಕ್ಕೂ ಹತ್ತುತ್ತದೆ. (ಇಂಗು ಅಫಘಾನಿಸ್ತಾನ, ಇರಾನ್ ಕಡೆಯ ಸರಕು. ಭಾರತದಲ್ಲಿ ಬೆಳೆಸುವ ಪ್ರಯೋಗಕ್ಕೆ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರಲ್ಲಿ.) ಅತ್ತೆಯ ಡಬ್ಬಿಯಲ್ಲಿ ಸಾಸಿವೆ, ಉದ್ದಿನಬೇಳೆ, ಜೀರಿಗೆ, ಮೆಂತೆ, ಅರಸಿನ, ಕೊತ್ತಂಬರಿ, ನಡುವೆ ಒಳ್ಳೆಮೆಣಸು. ಮಕ್ಕಳು ಶಾಲೆಯ ಗೆಳೆಯರ ಮನೆಯ ಆಮಟಿ ಉಂಡು ಬಂದು ಅದೇ ಬೇಕು ಅಂದಾಗ ಗೋಡಾ ಮಸಾಲೆಗೆ ಜಾಗ ಬೇಕಾಯಿತು. ಎದ್ದುಹೋದದ್ದು ಒಳ್ಳೆಮೆಣಸು. ಲಾಲ್‌ಬಾಗಿನ ಡಂಕದಲ್ಲಿ ಬೇಸಿಗೆಗೆ ಮಸಾಲೆ ಕುಟ್ಟಿಸುವಾಗ ಮಾತ್ರ ಅತ್ತೆ ಹಟ ಬಿಡುತ್ತಿರಲಿಲ್ಲ, ಬಣ್ಣಕ್ಕೆ ಬ್ಯಾಡಗಿಯೇ ಆಗಬೇಕು. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ ಆ ಮೆಣಸನ್ನು ಇಲ್ಲಿಯ ಮರಾಠಿಗರೂ 'ಬೇಡಗಿ' ಅಂತ ಕೇಳಿಯೇ ಕೊಳ್ಳುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು.

ಆ ಡಬ್ಬಿ ಈಗ ನನ್ನ ಡೊಂಬಿವಲಿಯ ಫ್ಲಾಟಿನಲ್ಲಿದೆ. ಒಟ್ಟೆಯ ಮೇಲೆ ನಿಂತೇ ಅಡುಗೆ ಮಾಡುತ್ತೇನೆ, ಆದರೂ ಡಬ್ಬಿ ಸಾಕಾಗುತ್ತದೆ. ಅತ್ತೆ ಹೇಳಿಕೊಟ್ಟ ಕ್ರಮ ಇಷ್ಟೇ: ಬಟ್ಟಲಿಗೆ ವಾರಕ್ಕಾಗುವಷ್ಟು, ಉಳಿದದ್ದು ಒಲೆಯ ಕಾವು ತಾಗದ ಕಪಾಟಿನಲ್ಲಿ, ಪುಡಿ ಕಡಿಮೆ, ಇಡಿ ಕಾಳು ಹೆಚ್ಚು. ಪುಡಿಯ ಪರಿಮಳ ಬೇಗ ಹಾರುತ್ತದೆ.

ವರಳಿಯ ಚಾಳುಗಳನ್ನು ಕೆಡವಿ ಗೋಪುರ ಕಟ್ಟುತ್ತಿದ್ದಾರೆ, 160 ಅಡಿಯವರಿಗೆ 500 ಅಡಿಯ ಮನೆ. ಒಳ್ಳೆಯದೇ, ಆ ಖೋಲಿಯ ಕಷ್ಟ ಯಾರಿಗೂ ಬೇಡ. ಪುಣೆಯಲ್ಲಿರುವ ಮಗಳ ಮನೆಯಲ್ಲಂತೂ ಮಸಾಲೆಗೆಂದೇ ಎಳೆಯುವ ಖಾನೆ ಇದೆ, ಇಪ್ಪತ್ತು ಗಾಜಿನ ಬಾಟಲಿ, ಎಲ್ಲಕ್ಕೂ ಇಂಗ್ಲಿಷ್ ಚೀಟಿ. ಜಾಗಕ್ಕೆ ಬರವಿಲ್ಲ, ಕಾಳುಮೆಣಸೂ ಮರಳಿ ಬಂದಿದೆ. 'ಒಳ್ಳೆಮೆಣಸು' ಅಂದರೆ ಏನೆಂದು ಮೊಮ್ಮಗಳಿಗೆ ಗೊತ್ತಿಲ್ಲ. ಕಳೆದ ಸಲ ಹೋದಾಗ ಇಬ್ಬರೂ ಕೂತು ಇಪ್ಪತ್ತು ಕನ್ನಡ ಚೀಟಿ ಬರೆದು ಅಂಟಿಸಿದೆವು. ಅವಳ 'ಳ್ಳೆ' ಸ್ವಲ್ಪ ಸೊಟ್ಟಗಿದೆ, ಇರಲಿ.

ನಿಮ್ಮ ಡಬ್ಬಿಯ ಏಳು ಬಟ್ಟಲಲ್ಲಿ ಏನೇನಿದೆ? ಊರು ಬಿಟ್ಟ ಮೇಲೆ ಯಾವುದು ಒಳಗೆ ಬಂತು, ಯಾವುದು ಹೊರಗೆ ಹೋಯಿತು? ಇವತ್ತು ಒಗ್ಗರಣೆ ಹಾಕುವಾಗ ಒಮ್ಮೆ ನೋಡಿ.